ಯಾರ ‘ಬರ್ಲಿ’ ಯಾರ ಲಾರಿಗೆ?

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಅಡ್ಡರಸ್ತೆ. ಕಬ್ಬಿಣದ ಸರಳು ಹೊತ್ತ ಲಾರಿ ಹಿಮ್ಮುಖವಾಗಿ ಶೆಡ್ಡಿನೊಳಕ್ಕೆ ಹೋಗಬೇಕು. ಗೇಟಿನ ಕಂಬಕ್ಕೂ ಲಾರಿಯ ಬಾಡಿಗೂ ನಡುವೆ ಆಚೆಗೊಂದು ಗೇಣು, ಈಚೆಗೊಂದು ಗೇಣು ಜಾಗ ಉಳಿದರೆ ಹೆಚ್ಚು. ಡ್ರೈವರನಿಗೆ ಕನ್ನಡಿಯಲ್ಲಿ ಕಾಣುವುದು ಟಾರ್ಪಾಲಿನ ಅಂಚು, ಒಂದಿಷ್ಟು ಆಕಾಶ, ಇನ್ನೊಂದಿಷ್ಟು ಧೂಳು. ತನ್ನದೇ ಗಾಡಿಯ ಹಿಂಭಾಗ ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲ. ಗೊತ್ತಿರುವುದು ಕ್ಲೀನರನಿಗೆ. ಅವನು ಇಳಿದು ಹಿಂದೆ ಹೋಗಿ ಅಂಗೈಯಲ್ಲಿ ತಗಡನ್ನು ತಟ್ಟುತ್ತ ಕೂಗುತ್ತಾನೆ: ‘ಬರ್ಲಿ... ಬರ್ಲಿ... ಸ್ವಲ್ಪ ಲೆಫ್ಟು... ಬರ್ಲಿ... ಹೋಲ್ಡ್!’

ಆ ಕೂಗೊಂದನ್ನೇ ನಂಬಿ ಅಷ್ಟು ಟನ್ ಭಾರ ಹಿಂದಕ್ಕೆ ಉರುಳುತ್ತದೆ.

ಅದೇ ಹೊತ್ತಿಗೆ ಪಕ್ಕದ ಶೆಡ್ಡಿಗೂ ಒಂದು ಲಾರಿ ಹಿಂದಕ್ಕೆ ಬರತೊಡಗಿತೆನ್ನಿ. ಅಲ್ಲೂ ಒಬ್ಬ ಕ್ಲೀನರ್, ಅಲ್ಲೂ ಅದೇ ‘ಬರ್ಲಿ’. ಈಗ ಯಾರ ‘ಬರ್ಲಿ’ ಯಾರ ಲಾರಿಗೆ? ಒಬ್ಬ ಡ್ರೈವರ್ ಪಕ್ಕದವನ ‘ಹೋಲ್ಡ್’ ಕೇಳಿ ಬ್ರೇಕ್ ಹಾಕಿದರೆ ನಷ್ಟವೇನಿಲ್ಲ. ಇನ್ನೊಬ್ಬ ಪಕ್ಕದವನ ‘ಬರ್ಲಿ’ ಕೇಳಿ ಹಿಂದಕ್ಕೆ ಬಂದರೆ ಗೇಟಿನ ಕಂಬ ಹೋಗುತ್ತದೆ, ಕಂಬಕ್ಕೊರಗಿ ಬೀಡಿ ಸೇದುತ್ತಿದ್ದವನೂ ಹೋಗಬಹುದು. ಕ್ಲೀನರುಗಳು ದನಿ ಏರಿಸಿದರೆ ಗೋಜಲು ಇನ್ನಷ್ಟು. ಇಬ್ಬರೂ ಬಾಯಿ ಮುಚ್ಚಿಕೊಂಡರೆ ಎರಡು ಲಾರಿಯೂ ರಸ್ತೆಗೆ ಅಡ್ಡ ನಿಲ್ಲುತ್ತವೆ, ಹಿಂದಿನಿಂದ ಟೆಂಪೋ, ಆಟೋ, ಕಂಪನಿ ಬಸ್ಸುಗಳ ಹಾರನ್ನು ಶುರುವಾಗುತ್ತದೆ.

ಮೊಬೈಲ್ ಜಗತ್ತಿನ ಎಂಜಿನಿಯರುಗಳು ಈಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡ ಒಂದು ಒಗಟು ಹೆಚ್ಚುಕಡಿಮೆ ಇದೇ. ಟವರಿನ ಹಂಗಿಲ್ಲದೆ ಸಾಧನಗಳು ನೇರವಾಗಿ ಒಂದನ್ನೊಂದು ‘ನಾನೆಲ್ಲಿದ್ದೇನೆ’ ಎಂದು ಕೇಳಿಕೊಳ್ಳುವಾಗ, ಎಲ್ಲವೂ ಒಟ್ಟಿಗೆ ಕೇಳಿದರೆ ಏನು ಮಾಡುವುದು? ಮೇಲುನೋಟಕ್ಕೆ ಇದು ತರಂಗಗಳ ಲೆಕ್ಕ. ಕೆದಕಿದರೆ ಕೆಳಗೆ ಸಿಗುವುದು ಹಳೆಯ ಧರ್ಮಪ್ರಶ್ನೆ. ಎಲ್ಲರಿಗೂ ಸೇರಿದ ಜಾಗದಲ್ಲಿ ಒಬ್ಬ ಎಷ್ಟು ಮಾತಾಡಬಹುದು? ಸುಮ್ಮನಿರುವುದು ಯಾವಾಗ ವ್ರತವಾಗುತ್ತದೆ, ಯಾವಾಗ ತಪ್ಪಾಗುತ್ತದೆ?

ಎಲ್ಲಿದ್ದೇನೆ ಎಂಬ ಪ್ರಶ್ನೆ ಪೀಣ್ಯಕ್ಕೆ ಹೊಸದಲ್ಲ. 1972ರಲ್ಲಿ ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ತಂಡ ದೇಶದ ಮೊದಲ ಉಪಗ್ರಹ ಕಟ್ಟಲು ಹಿಡಿದದ್ದು ಇಲ್ಲಿನ ಕೈಗಾರಿಕಾ ಶೆಡ್ಡುಗಳನ್ನು. 360 ಕಿಲೋ ತೂಕದ ಆರ್ಯಭಟ ಆ ಶೆಡ್ಡುಗಳಲ್ಲೇ ಮೈತಳೆದು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿತು. ಅದರ ಸಂಕೇತಗಳನ್ನು ಹಿಡಿಯುವ ಕೆಲಸಕ್ಕೆ ಬೆಂಗಳೂರಿನಲ್ಲಿ ಜಾಗ ಸಾಲದೆ ಒಂದು ಶೌಚಾಲಯವನ್ನೇ ಸ್ವೀಕಾರ ಕೇಂದ್ರ ಮಾಡಿಕೊಂಡದ್ದು ಇಸ್ರೋ ಮಂದಿ ಈಗಲೂ ನಗುತ್ತ ಹೇಳುವ ಕತೆ. ಉಪಗ್ರಹಗಳ ಜಾಡು ಹಿಡಿಯುವ ಇಸ್ಟ್ರಾಕ್ ಕೇಂದ್ರದ ಮುಖ್ಯ ಠಾಣೆ ಇಂದಿಗೂ ಪೀಣ್ಯದಲ್ಲೇ ಇದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ದೇಶವೆಲ್ಲ ಟಿವಿಯಲ್ಲಿ ಕಂಡ ಆ ಚಪ್ಪಾಳೆ ಅಲ್ಲಿನದು.

ಆಕಾಶದಲ್ಲಿರುವ ನೌಕೆಯ ಜಾಗ ನೆಲದವರಿಗೆ ತಿಳಿಯುವ ಬಗೆ ಕ್ಲೀನರನ ಕೂಗಿಗೆ ತೀರ ದೂರದ್ದಲ್ಲ. ಇಲ್ಲಿಂದ ಒಂದು ಸಂಕೇತ ಹೋಗುತ್ತದೆ, ನೌಕೆ ಅದನ್ನು ಮರಳಿಸುತ್ತದೆ. ಹೋಗಿಬರಲು ಹಿಡಿದ ಕಾಲದಲ್ಲಿ ಅರ್ಧ ತೆಗೆದುಕೊಂಡು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ಚಂದ್ರನವರೆಗೆ ಹೋಗಿಬರಲು ಎರಡೂವರೆ ಸೆಕೆಂಡು ಬೇಕು. ‘ಓ’ ಎಂದರೆ ‘ಓ’ ಎನ್ನುವವರಿದ್ದರೆ ಮಾತ್ರ ನೆಲೆ ತಿಳಿಯುತ್ತದೆ.

ತಮಾಷೆ ಏನೆಂದರೆ, ಚಂದ್ರನ ಮೇಲೆ ನೌಕೆ ಎಲ್ಲಿದೆಯೆಂದು ಹೇಳಬಲ್ಲ ಆ ಕಾಂಪೌಂಡಿನಿಂದ ಹೊರಬಂದು ಯಾವುದಾದರೂ ಜಿಂಕ್ ಶೀಟಿನ ಶೆಡ್ಡಿನೊಳಗೆ ಕಾಲಿಟ್ಟರೆ ಕೈಯಲ್ಲಿನ ಫೋನಿನ ನೀಲಿ ಚುಕ್ಕೆ ದಾರಿ ತಪ್ಪುತ್ತದೆ. ಒಮ್ಮೆ ಪಕ್ಕದ ಬೀದಿಯಲ್ಲಿ, ಮರುಗಳಿಗೆ ಚರಂಡಿಯಾಚೆ. ಸಾವಿರಾರು ಕಿಲೋಮೀಟರ್ ಮೇಲಿನಿಂದ ಬರುವ ಉಪಗ್ರಹದ ದನಿ ಮೊದಲೇ ಸೊರಗಿರುತ್ತದೆ. ತಗಡಿನ ಛಾವಣಿ ಅದನ್ನು ತಡೆಯುತ್ತದೆ. ನುಸುಳಿ ಬಂದ ಅಲ್ಪಸ್ವಲ್ಪವೂ ಲೇತು, ಪ್ರೆಸ್ಸು, ಕ್ರೇನುಗಳಿಗೆ ಬಡಿದು ಪ್ರತಿಧ್ವನಿಯಾಗಿ ತಡವಾಗಿ ತಲುಪುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸಾಗುವುದು 30 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. ನೂರು ನ್ಯಾನೊಸೆಕೆಂಡಿನ ಪ್ರತಿಧ್ವನಿಯನ್ನು ನಂಬಿದ ಯಂತ್ರ ತಾನು ಮೂವತ್ತು ಮೀಟರ್ ಆಚೆ ಇದ್ದೇನೆ ಎಂದುಕೊಳ್ಳುತ್ತದೆ.

ಮೇಲಿನವನು ಕೈಬಿಟ್ಟಾಗ ಅಕ್ಕಪಕ್ಕದವರೇ ಗತಿ. ಅದಕ್ಕೆ ಒದಗಿಬಂದದ್ದು ಸೈಡ್‌ಲಿಂಕ್ ಎಂಬ ಏರ್ಪಾಡು. ಸಾಮಾನ್ಯವಾಗಿ ಫೋನು ಪಕ್ಕದ ಫೋನಿನ ಜೊತೆ ಮಾತಾಡಬೇಕಾದರೂ ಟವರಿನ ಮೂಲಕವೇ ಹೋಗಬೇಕು. ಸೈಡ್‌ಲಿಂಕ್‌ನಲ್ಲಿ ಸಾಧನಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಮೊಬೈಲ್ ನಿಯಮಗಳನ್ನು ರೂಪಿಸುವ 3ಜಿಪಿಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಇದನ್ನು ಮೊದಲು ಸೇರಿಸಿದ್ದು ತನ್ನ 12ನೇ ಆವೃತ್ತಿಯಲ್ಲಿ. ಟವರು ಬಿದ್ದುಹೋದಾಗ ಅಗ್ನಿಶಾಮಕ ದಳದವರು, ಪೊಲೀಸರು ಮಾತಾಡಿಕೊಳ್ಳಲಿ ಎಂಬುದು ಆಗಿನ ಆಲೋಚನೆ. 14 ಮತ್ತು 16ನೇ ಆವೃತ್ತಿಗಳಲ್ಲಿ ರಸ್ತೆಯ ವಾಹನಗಳು ಬಂದವು. 2024ರ ನಡುವಿಗೆ ಅಂತಿಮಗೊಂಡ 18ನೇ ಆವೃತ್ತಿಯಲ್ಲಿ ‘ಎಲ್ಲಿದ್ದೀಯ’ ಎಂಬ ಪ್ರಶ್ನೆ ಸೇರಿಕೊಂಡಿತು. ಅದರ ಕೆಲಸ ನಡೆಯುತ್ತಿದ್ದಾಗಲೇ, ಚಂದ್ರಯಾನ ಇಳಿದ ಮೂರು ವಾರಕ್ಕೆ, 2023ರ ಸೆಪ್ಟೆಂಬರಿನಲ್ಲಿ ಆ ಒಕ್ಕೂಟದ ಮಹಾಸಭೆ ಬೆಂಗಳೂರಿನಲ್ಲೇ ಸೇರಿತ್ತು.

ತನ್ನ ಜಾಗ ತಿಳಿಯಬೇಕಾದ ಸಾಧನಕ್ಕೆ ಈ ನಿಯಮಗಳ ಭಾಷೆಯಲ್ಲಿ ಟಾರ್ಗೆಟ್ ಎಂದು ಹೆಸರು, ತಿಳಿಯಲು ನೆರವಾಗುವ ಸಾಧನ ಆಂಕರ್. ಲಾರಿ ಟಾರ್ಗೆಟ್, ಕ್ಲೀನರ್ ಆಂಕರ್. ಒಬ್ಬ ಆಂಕರಿನಿಂದ ದೂರ ಮಾತ್ರ ಸಿಗುತ್ತದೆ. ಮೂವರಿದ್ದರೆ ನೆಲದ ಮೇಲಿನ ಜಾಗ ಸಿಗುತ್ತದೆ. ಎತ್ತರವೂ ಬೇಕೆಂದರೆ ನಾಲ್ಕನೆಯವನು ಬೇಕು. ಪೀಣ್ಯದ ಶೆಡ್ಡುಗಳಲ್ಲಿ ಇಂಥ ರೇಡಿಯೊಗಳು ಸಾಲುಗಟ್ಟಿ ನಿಂತಿವೆ ಎಂದು ಇಲ್ಲಿ ಹೇಳುತ್ತಿಲ್ಲ. ಆದರೆ ಫೋರ್ಕ್‌ಲಿಫ್ಟು, ತಾನೇ ಓಡುವ ಟ್ರಾಲಿ, ಕಾರ್ಮಿಕರ ಹೆಲ್ಮೆಟ್ಟು ಎಲ್ಲದರಲ್ಲೂ ಒಂದೊಂದು ಪುಟ್ಟ ರೇಡಿಯೊ ಕೂತ ಶೆಡ್ಡನ್ನು ಕಲ್ಪಿಸಿಕೊಳ್ಳಲು ಹೆಚ್ಚು ಕಷ್ಟಪಡಬೇಕಿಲ್ಲ. ಶಿಫ್ಟ್ ಬದಲಾಗುವ ಸೈರನ್ ಆದಾಗ ಎಲ್ಲ ಒಟ್ಟಿಗೆ ಚಲಿಸುತ್ತವೆ. ಎಲ್ಲ ಒಟ್ಟಿಗೆ ಕೇಳುತ್ತವೆ.

ಗಾಳಿಯಲ್ಲಿ ಜಾಗ ಎಷ್ಟು ಬೇಗ ತುಂಬುತ್ತದೆಂಬುದು ಅರ್ಧ ಶತಮಾನದ ಹಿಂದೆಯೇ ಗೊತ್ತಾಗಿತ್ತು. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಅವರ ತಂಡ 1971ರಲ್ಲಿ ದ್ವೀಪಗಳ ನಡುವೆ ರೇಡಿಯೊ ಜಾಲವೊಂದನ್ನು ಶುರುಮಾಡಿತು, ಹೆಸರು ಅಲೋಹ. ನಿಯಮ ಸರಳ: ಹೇಳುವುದಿದ್ದಾಗ ಹೇಳಿಬಿಡು, ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಹೇಳು. ಲೆಕ್ಕ ಹಾಕಿದಾಗ ಬಂದ ಫಲ ಕಹಿಯಾಗಿತ್ತು. ಹೀಗೆ ಮನಸ್ಸು ಬಂದಾಗ ಮಾತಾಡುವ ಸಭೆಯಲ್ಲಿ ಕಾಲದ ನೂರರಲ್ಲಿ ಹದಿನೆಂಟು ಪಾಲಷ್ಟೇ ಉಪಯೋಗಕ್ಕೆ ಬರುತ್ತದೆ. ಆ ಮಿತಿ ದಾಟಿದ ಮೇಲೆ ಮಾತು ಹೆಚ್ಚಿದಷ್ಟೂ ಕೇಳಿಸುವುದು ಕಡಿಮೆ. 1986ರ ಅಕ್ಟೋಬರಿನಲ್ಲಿ ಇಂಟರ್ನೆಟ್ಟಿಗೇ ಈ ಗತಿ ಬಂತು. ಕ್ಯಾಲಿಫೋರ್ನಿಯಾದಲ್ಲಿ ಕೂಗಳತೆಯ ದೂರದಲ್ಲಿದ್ದ ಎರಡು ಸಂಸ್ಥೆಗಳ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40ಕ್ಕೆ ಕುಸಿಯಿತು. ವ್ಯಾನ್ ಜೇಕಬ್ಸನ್ ಕಂಡುಕೊಂಡ ಮದ್ದು 1988ರಲ್ಲಿ ಪ್ರಕಟವಾಯಿತು: ಕಳಿಸಿದ್ದು ಕಳೆದುಹೋದರೆ ದಾರಿ ಕಿಕ್ಕಿರಿದಿದೆ ಎಂದು ತಿಳಿ, ನಿನ್ನ ವೇಗವನ್ನು ನೀನೇ ಇಳಿಸು. ಜಾರಿಗೊಳಿಸಲು ಪೊಲೀಸರಿರಲಿಲ್ಲ. ಮೋಸ ಮಾಡಿದವನಿಗೆ ಲಾಭವಿತ್ತು. ಆದರೂ ಬಹುಪಾಲು ಯಂತ್ರಗಳು ತಗ್ಗಿ ನಡೆದವು, ಜಾಲ ಉಳಿಯಿತು.

ಸೈಡ್‌ಲಿಂಕ್‌ನ ನಿಯಮ ಈ ಸ್ವಯಂಸಂಯಮವನ್ನು ಅಳತೆಗೆ ಇಳಿಸಿದೆ. ಪ್ರತಿ ಸಾಧನವೂ ಎರಡು ಲೆಕ್ಕ ಇಟ್ಟುಕೊಳ್ಳುತ್ತದೆ. ಹಿಂದಿನ ನೂರು ಸ್ಲಾಟು (ಮಾತಾಡಲು ಸಿಗುವ ಕಾಲದ ಕಿರುತುಣುಕು) ಅಥವಾ ನೂರು ಮಿಲಿಸೆಕೆಂಡಿನಲ್ಲಿ ಚಾನೆಲಿನ ಎಷ್ಟು ಪಾಲು ಗದ್ದಲದಿಂದ ತುಂಬಿತ್ತು ಎಂಬುದು ಮೊದಲನೆಯದು, ಊರಿನ ಗದ್ದಲ. ಅಂಥ ಸಾವಿರ ಸ್ಲಾಟುಗಳ ಕಿಟಕಿಯಲ್ಲಿ ತಾನು ಬಳಸಿದ್ದೆಷ್ಟು, ಮುಂದಕ್ಕೆ ಕಾದಿರಿಸಿಕೊಂಡದ್ದೆಷ್ಟು ಎಂಬುದು ಎರಡನೆಯದು, ತನ್ನ ಬಾಯಿ. ಊರಿನ ಗದ್ದಲ ಏರಿದಂತೆ ತನ್ನ ಬಾಯಿಯ ಮಿತಿ ಇಳಿಯುತ್ತದೆ. ಮಿತಿಯೊಳಗೆ ಇರುವ ದಾರಿಗಳು ಹಲವು: ಶಕ್ತಿ ತಗ್ಗಿಸಬಹುದು, ಎರಡು ಸಲ ಹೇಳುವುದನ್ನು ಒಂದೇ ಸಲ ಹೇಳಬಹುದು, ಕೇಳುವ ಪ್ರಶ್ನೆಗಳ ನಡುವೆ ಬಿಡುವು ಹೆಚ್ಚಿಸಬಹುದು, ಒಮ್ಮೊಮ್ಮೆ ಮಾತನ್ನೇ ಕೈಬಿಡಬಹುದು. ಇದರಲ್ಲಿ ಯಾವುದೆಂದು ನಿಯಮ ಹೇಳುವುದಿಲ್ಲ. ಅದನ್ನು ಸಾಧನ ತಯಾರಿಸಿದವರ ವಿವೇಚನೆಗೆ ಬಿಡಲಾಗಿದೆ.

ಕನ್ನಡ ನಾಡಿನಲ್ಲಿ ಬೆಳೆದವರಿಗೆ ಇದು ಎಲ್ಲೋ ಕೇಳಿದ ಮಾತೆನಿಸಿದರೆ ಆಶ್ಚರ್ಯವಿಲ್ಲ. ಜೈನ ಶ್ರಾವಕರ ಆಚಾರದಲ್ಲಿ ಪರಿಗ್ರಹ ಪರಿಮಾಣ ಎಂಬುದೊಂದು ವ್ರತವಿದೆ. ಮುನಿ ಎಲ್ಲವನ್ನೂ ಬಿಡುತ್ತಾನೆ, ಅದು ಮಹಾವ್ರತ. ಗೃಹಸ್ಥ ಎಲ್ಲ ಬಿಟ್ಟರೆ ಮನೆ ನಡೆಯುವುದಿಲ್ಲ. ಆದ್ದರಿಂದ ಅವನು ಅಳತೆ ಹಾಕಿಕೊಳ್ಳುತ್ತಾನೆ: ಇಷ್ಟು ಹೊಲ, ಇಷ್ಟು ಬಂಗಾರ, ಇದರಾಚೆ ನನಗೆ ಬೇಡ. ಅದು ಅಣುವ್ರತ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯವಿಡೀ ವ್ರತಗಳ ವಿಚಾರ. ಅಲ್ಲಿ ಬರುವ ಗುಣವ್ರತಗಳಲ್ಲಿ ಒಂದು ಅನರ್ಥದಂಡ ವಿರತಿ, ಅಂದರೆ ಪ್ರಯೋಜನವಿಲ್ಲದ ಹಿಂಸೆಯಿಂದ ಹಿಂದೆ ಸರಿಯುವುದು. ಬೇಕಿಲ್ಲದೆ ಗಿಡದ ಎಲೆ ಕೀಳುವುದೂ ಅದರಲ್ಲಿ ಬರುತ್ತದೆ. ಮುನಿಗಳಿಗೆ ಹೇಳಿದ ಐದು ಸಮಿತಿಗಳಲ್ಲಿ ಭಾಷಾಸಮಿತಿ ಒಂದು, ಎಷ್ಟು ಬೇಕೋ ಅಷ್ಟೇ, ಅಳೆದು ಆಡುವುದು. ನಿಂತಲ್ಲೇ ನಿಂತಿರುವ ಟ್ರಾಲಿ ಸೆಕೆಂಡಿಗೆ ಹತ್ತು ಸಲ ‘ನಾನೆಲ್ಲಿದ್ದೇನೆ’ ಎಂದು ಕೇಳುತ್ತಿದ್ದರೆ ಅದನ್ನು ಅನರ್ಥದಂಡ ಎನ್ನದೆ ಬೇರೇನೆನ್ನುವುದು?

ರೇಡಿಯೊ ಜಗತ್ತಿಗೆ ಹೊಂದುವುದು ಅಣುವ್ರತವೇ, ಮಹಾವ್ರತವಲ್ಲ. ಇದೇನು ಮಾತಿನ ಚಮತ್ಕಾರ ಎಂದುಕೊಳ್ಳಬೇಕಿಲ್ಲ, ಇದಕ್ಕೆ ಗಟ್ಟಿ ಕಾರಣವಿದೆ. ಬರೀ ಸಂದೇಶ ಕಳಿಸುವ ಜಾಲದಲ್ಲಿ ಒಬ್ಬ ಸುಮ್ಮನಾದರೆ ನಷ್ಟ ಮುಖ್ಯವಾಗಿ ಅವನದು. ಅವನ ವಿಡಿಯೊ ನಿಂತಿತು, ಮಿಕ್ಕವರಿಗೆ ದಾರಿ ಸಲೀಸಾಯಿತು. ನೆಲೆ ತಿಳಿಯುವ ಜಾಲದಲ್ಲಿ ಹಾಗಲ್ಲ. ಆಂಕರ್ ಬಾಯಿ ಮುಚ್ಚಿದರೆ ಟಾರ್ಗೆಟ್ ಕುರುಡಾಗುತ್ತದೆ. ‘ಓ’ ಎಂದದ್ದಕ್ಕೆ ‘ಓ’ ಬರದಿದ್ದರೆ ಲೆಕ್ಕವೇ ಹುಟ್ಟುವುದಿಲ್ಲ. ಇಲ್ಲಿ ಒಬ್ಬನ ಮೌನ ಇನ್ನೊಬ್ಬನ ಅಜ್ಞಾನ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆ ಪೀಣ್ಯದ ಗೇಟಿನಲ್ಲಿ ಲಾರಿ ಹಿಂದಕ್ಕೆ ಬರುತ್ತಿರುವಾಗ ಸಲ್ಲುವುದಿಲ್ಲ.

ಮೌನ ತಾನೇ ಪೂರ್ಣವೇ ಎಂಬ ಪ್ರಶ್ನೆಗೆ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತವನ ಕತೆಯಲ್ಲೇ ಒಂದು ಉತ್ತರವಿದೆ. ಗೆದ್ದ ರಾಜ್ಯವನ್ನು ಅಣ್ಣ ಭರತನಿಗೆ ಬಿಟ್ಟು ಬಾಹುಬಲಿ ತಪಸ್ಸಿಗೆ ನಿಂತ. ಒಂದು ವರ್ಷ ಮಾತಿಲ್ಲ, ಅನ್ನವಿಲ್ಲ, ಅಲುಗಾಟವಿಲ್ಲ. ಬಳ್ಳಿ ತೊಡೆಯವರೆಗೆ ಹಬ್ಬಿತು, ಕಾಲ ಬಳಿ ಹುತ್ತ ಎದ್ದಿತು. ಆದರೂ ಕೇವಲಜ್ಞಾನ ಒದಗಲಿಲ್ಲ. ಜನ ಹೇಳಿಕೊಂಡು ಬಂದ ಕತೆಯಲ್ಲಿ ಅದಕ್ಕೆ ಕಾರಣ ಒಂದು ಮುಳ್ಳು: ನಿಂತ ನೆಲ ಭರತನದು ಎಂಬ ಅರಿವು. ಎಲ್ಲವನ್ನೂ ಬಿಟ್ಟವನಿಗೂ ‘ಎಲ್ಲಿ ನಿಂತಿದ್ದೇನೆ’ ಎಂಬುದು ಬಿಟ್ಟುಹೋಗಲಿಲ್ಲ ನೋಡಿ. ಕಡೆಗೆ ಭರತನೇ ಬಂದು ನಮಿಸಿದಾಗ ಆ ಮುಳ್ಳು ಕಳಚಿತು. ವರ್ಷದ ಮೌನಕ್ಕೆ ಬಗೆಹರಿಯದೆ ಉಳಿದದ್ದು ಇನ್ನೊಬ್ಬನ ಬರವಿನಿಂದ ಬಗೆಹರಿಯಿತು. ಪಂಡಿತರು ಇದಕ್ಕೆ ಬೇರೆ ಅರ್ಥಗಳನ್ನು ಹೇಳಿಯಾರು, ಹೇಳಲಿ. ನೆಲೆಯ ಪ್ರಶ್ನೆಯನ್ನು ಒಬ್ಬನೇ ಕೂತು ಬಿಡಿಸಲಾಗದು ಎಂಬುದಂತೂ ಈ ಕತೆಯಲ್ಲಿ ಸ್ಪಷ್ಟವಾಗಿದೆ.

ಮೌನ ತಪ್ಪಾಗುವ ಘಟ್ಟ ಮಹಾಭಾರತದ ದ್ಯೂತಸಭೆಯಲ್ಲಿದೆ. ದ್ರೌಪದಿ ಕೇಳಿದ್ದು ಒಂದು ನೆಲೆಯ ಪ್ರಶ್ನೆಯೇ: ತನ್ನನ್ನು ತಾನೇ ಸೋತವನು ಒಡ್ಡಿದ ನಾನು ಈಗ ಎಲ್ಲಿ ನಿಂತಿದ್ದೇನೆ, ದಾಸಿಯೋ ಅಲ್ಲವೋ? ಆಂಕರುಗಳಂತೆ ಕೂತಿದ್ದ ಹಿರಿಯರು ಧರ್ಮ ಸೂಕ್ಷ್ಮ ಎಂದು ತೊದಲಿದರು, ಇಲ್ಲವೇ ತಲೆತಗ್ಗಿಸಿದರು. ಬಾಯಿ ಬಿಟ್ಟವನು ಕೌರವರಲ್ಲೇ ಒಬ್ಬ, ವಿಕರ್ಣ. ತಿಳಿದೂ ಹೇಳದೆ ಕೂತವನಿಗೆ ಸುಳ್ಳಿನ ಪಾಪದಲ್ಲಿ ಪಾಲುಂಟು ಎಂದು ವಿದುರ ಎಚ್ಚರಿಸಿದ. ಆ ಸಭೆಯಲ್ಲಿ ದಟ್ಟಣೆಯೇನೂ ಇರಲಿಲ್ಲ, ಚಾನೆಲ್ ಖಾಲಿಯಿತ್ತು. ಖಾಲಿ ಚಾನೆಲಿನಲ್ಲಿ ಉತ್ತರಿಸದ ಆಂಕರಿಗೆ ಸಂಯಮದ ನೆಪ ಇರುವುದಿಲ್ಲ.

ಗದ್ದಲವಿದ್ದಾಗ ತಗ್ಗು, ಕೇಳಿದಾಗ ಉತ್ತರಿಸು. ಇಷ್ಟಕ್ಕೆ ಮುಗಿಯಿತಲ್ಲ ಎನ್ನುವ ಹೊತ್ತಿಗೆ ರೇಡಿಯೊದವರು ಒಂದು ತೊಡಕು ಮುಂದಿಡುತ್ತಾರೆ, ಧರ್ಮಶಾಸ್ತ್ರದವರು ಅಷ್ಟಾಗಿ ಯೋಚಿಸದ ತೊಡಕು. ಉದ್ದನೆಯ ಶೆಡ್ಡು. ಈ ತುದಿಯಲ್ಲೊಂದು ಫೋರ್ಕ್‌ಲಿಫ್ಟು, ಆ ತುದಿಯಲ್ಲೊಂದು, ನಡುವೆ ಗೋಡೆಯಂಥ ಪ್ರೆಸ್ಸು. ಒಂದರ ದನಿ ಇನ್ನೊಂದಕ್ಕೆ ಕೇಳಿಸುವುದಿಲ್ಲ. ಎರಡೂ ಕಿವಿಗೊಡುತ್ತವೆ, ಚಾನೆಲ್ ನಿಶ್ಶಬ್ದ. ಎರಡೂ ಮಾತಾಡುತ್ತವೆ. ನಡುವಿನಲ್ಲಿರುವ ಆಂಕರಿಗೆ ಎರಡೂ ಒಟ್ಟಿಗೆ ಬಡಿದು ಒಂದೂ ತಿಳಿಯುವುದಿಲ್ಲ. ಎರಡರಲ್ಲಿ ಯಾವುದೂ ಸ್ವಾರ್ಥಿಯಲ್ಲ, ಯಾವುದೂ ನಿಯಮ ಮುರಿದಿಲ್ಲ, ಎರಡೂ ತಮ್ಮ ಅಂತಃಸಾಕ್ಷಿಯ ಮಾತು ಕೇಳಿಯೇ ನಡೆದಿವೆ. ತೊಂದರೆ ಏನೆಂದರೆ ಅಂತಃಸಾಕ್ಷಿ ಕೇಳಿದ್ದು ತನ್ನ ಕಿವಿಗೆ ಬಿದ್ದಷ್ಟನ್ನು ಮಾತ್ರ.

ಇಲ್ಲಿ ವ್ರತ ಸೋಲುತ್ತದೆ. ತನ್ನ ಮಿತಿಯನ್ನು ತಾನೇ ಹಾಕಿಕೊಳ್ಳುವವನು ಎಷ್ಟೇ ಪ್ರಾಮಾಣಿಕನಾದರೂ, ತನ್ನಿಂದ ಯಾರಿಗೆ ಅಡಚಣೆಯಾಗುತ್ತಿದೆ ಎಂಬುದು ಅವನಿಗೆ ಕೇಳಿಸದಿದ್ದರೆ ಮಿತಿ ತಪ್ಪಾಗಿಯೇ ಇರುತ್ತದೆ. ಸಂಯಮಕ್ಕೆ ಒಳ್ಳೆಯ ಮನಸ್ಸಿನ ಜೊತೆಗೆ ದೂರದ ಸುದ್ದಿಯೂ ಬೇಕು.

ಆ ಸುದ್ದಿಯನ್ನು ತರುತ್ತಿದ್ದವನೊಬ್ಬ ಹಳೇ ಮೈಸೂರಿನ ಕೆರೆಗಳ ಬಳಿ ಇದ್ದ. ಕೋಲಾರ, ತುಮಕೂರು ಸೀಮೆಯಲ್ಲಿ ಅವನನ್ನು ನೀರುಗಂಟಿ ಎನ್ನುತ್ತಾರೆ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಅಚ್ಚುಕಟ್ಟಿನಲ್ಲಿ ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವುದು ಅವನ ಕೆಲಸ. ಗದ್ದೆಯ ಒಡೆಯ ತಾನೇ ಹೋಗಿ ತೂಬಿಗೆ ಕೈ ಹಾಕುವಂತಿಲ್ಲ. ಕೂಲಿಯೆಂದರೆ ಸುಗ್ಗಿಯಲ್ಲಿ ಸಿಗುವ ಕಾಳಿನ ಪಾಲು. ಮೊದಲ ಗದ್ದೆಯವನಿಗೆ ಕೊನೆಯ ಗದ್ದೆಯ ಬಿರುಕು ಕಾಣುವುದಿಲ್ಲ. ತೂಬಿನಿಂದ ಕೊನೆಯ ಬದುವಿನವರೆಗೆ ದಿನವೂ ನಡೆಯುವ ನೀರುಗಂಟಿಗೆ ಕಾಣುತ್ತದೆ. ಬಹಳ ಕಡೆ ಈ ಕೆಲಸ ದಲಿತ ಕುಟುಂಬಗಳದಾಗಿತ್ತು. ಊರಿಗೆಲ್ಲ ನೀರು ಹಂಚುವ ಕೈಯನ್ನು ನಂಬಿದ ಜನ ಅದೇ ಕೈಯಿಂದ ಒಂದು ಲೋಟ ನೀರು ಕುಡಿಯಲು ಒಪ್ಪುತ್ತಿರಲಿಲ್ಲ ಎಂಬುದನ್ನು ಮರೆತು ಈ ಪದ್ಧತಿಯನ್ನು ಹೊಗಳುವುದು ಸರಿಯಾಗದು.

ಎಲ್ಲರ ಸೊತ್ತು ಯಾರದ್ದೂ ಅಲ್ಲವೆಂದು ಹಾಳಾಗುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಲೇಖನ ಬಹುಕಾಲ ವೇದವಾಕ್ಯದಂತೆ ನಡೆಯಿತು. ಅದನ್ನು ಒಪ್ಪದ ಎಲಿನಾರ್ ಆಸ್ಟ್ರಮ್ ಊರೂರಿನ ನೀರಾವರಿ, ಹುಲ್ಲುಗಾವಲು, ಮೀನುಗಾರಿಕೆಯ ಕಟ್ಟುಪಾಡುಗಳನ್ನು ಅಧ್ಯಯನ ಮಾಡಿ 1990ರಲ್ಲಿ ಪುಸ್ತಕ ತಂದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಜನ ತಮ್ಮ ಸೊತ್ತನ್ನು ತಾವೇ ಕಾಯಬಲ್ಲರು, ಆದರೆ ಅದಕ್ಕೆ ನಿಗಾ ಇಡುವವರು ಬೇಕು, ಆ ನಿಗಾದವರು ಬಳಸುವವರಿಗೆ ಉತ್ತರ ಹೇಳುವಂತಿರಬೇಕು ಎಂಬುದು ಅವರು ಕಂಡುಕೊಂಡದ್ದರಲ್ಲಿ ಮುಖ್ಯವಾದದ್ದು. ನೀರುಗಂಟಿಯನ್ನು ಬಲ್ಲವರಿಗೆ ಇದು ಹೊಸ ಸುದ್ದಿಯಲ್ಲ.

ಸೈಡ್‌ಲಿಂಕ್‌ನಲ್ಲಿ ಟವರಿನ ಆಸರೆ ಇದ್ದಾಗ ಟವರೇ ನೀರುಗಂಟಿ, ಸರದಿ ಹಂಚುತ್ತದೆ. ಆಸರೆ ಇಲ್ಲದ ಕಡೆ ಸಾಧನಗಳೇ ಜಾಗ ಆರಿಸಿಕೊಳ್ಳಬೇಕು. 17ನೇ ಆವೃತ್ತಿಯಲ್ಲಿ ಇದಕ್ಕೊಂದು ಉಪಾಯ ಸೇರಿತು: ಕೇಳಿಸಿಕೊಳ್ಳುವ ಸಾಧನವೇ ಮಾತಾಡುವ ಸಾಧನಕ್ಕೆ ‘ಈ ಸ್ಲಾಟು ಬೇಡ, ಅಲ್ಲಿ ನನಗೆ ಬೇರೆಯವರ ಗದ್ದಲವಿದೆ’ ಎಂದು ಹೇಳಬಹುದು. ಆದರೆ ಹಾಗೆ ಹೇಳುವುದೂ ಒಂದು ಮಾತು, ಅದಕ್ಕೂ ಗಾಳಿಯಲ್ಲಿ ಜಾಗ ಬೇಕು. ಸದ್ದು ಮಾಡಬೇಡಿ ಎಂದು ಕೂಗುವ ಮೇಷ್ಟರ ಕಷ್ಟ.

ಇನ್ನು ಯಾರು ಮೊದಲು ತಗ್ಗಬೇಕು? ನಿಯಮದಲ್ಲಿ ಆದ್ಯತೆಗೆ ಅಂಕಿಗಳಿವೆ, 1ರಿಂದ 8. ಒಂದು ಎಲ್ಲಕ್ಕಿಂತ ಮುಖ್ಯ. ದಟ್ಟಣೆ ಏರಿದಾಗ ಎಂಟನೆಯವನ ಪಾಲು ಮೊದಲು ಕುಗ್ಗುತ್ತದೆ. ಒಪ್ಪುವಂಥದ್ದೇ. ಮನುಷ್ಯನ ಕಾಲ ಮೇಲೆ ಹೋಗಲಿರುವ ಫೋರ್ಕ್‌ಲಿಫ್ಟು ಮೂಲೆಯಲ್ಲಿರುವ ಡಬ್ಬಿಗಿಂತ ಮುಂಚೆ ತನ್ನ ಜಾಗ ತಿಳಿಯಬೇಕು. ಆದರೆ ಅಂಕಿ ಕೊಡುವವರು ಯಾರು?

ಪೀಣ್ಯಕ್ಕೆ ಆದ್ಯತೆಯ ಅಂಕಿಯ ರುಚಿ ಗೊತ್ತು. ತುಮಕೂರು ರಸ್ತೆಯ ಮೇಲ್ಸೇತುವೆಯ ಒಳಗಿನ ಕೇಬಲ್ಲುಗಳು ತುಕ್ಕು ಹಿಡಿದದ್ದು ಕಂಡುಬಂದು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. 2022ರ ಫೆಬ್ರುವರಿಯಲ್ಲಿ ಕಾರು, ಬೈಕುಗಳಿಗೆ ಬಿಟ್ಟರು. ಲಾರಿಗಳಿಗೆ ಬಿಟ್ಟದ್ದು 2024ರ ಜುಲೈ ಕೊನೆಗೆ, ಅದೂ ಶುಕ್ರವಾರಗಳನ್ನು ಬಿಟ್ಟು. ಕಾರಣ ಸರಿಯಾಗಿಯೇ ಇತ್ತು: ಸೇತುವೆಗೆ ಭಾರ ಸಲ್ಲದು. ಆದರೆ ಆ ಎರಡೂವರೆ ವರ್ಷ ಒಬ್ಬನೇ ಕೂತ ಕಾರು ಮೇಲೆ ಹಾಯಾಗಿ ಹೋಗುತ್ತಿದ್ದರೆ ಪೀಣ್ಯದ ಹೊಟ್ಟೆ ಹೊರೆಯುವ ಸರಕು ಕೆಳಗಿನ ಸರ್ವಿಸ್ ರಸ್ತೆಯಲ್ಲಿ ತೆವಳುತ್ತಿತ್ತು. ಮೇಲಿರುವವನಿಗೆ ದಟ್ಟಣೆ ನಿವಾರಣೆಯಾಯಿತು ಎನಿಸಿದ್ದು ಕೆಳಗಿರುವವನಿಗೆ ದಟ್ಟಣೆಯೇ ಆಗಿತ್ತು.

ಹಾಗೆಯೇ ಶೆಡ್ಡಿನ ಒಳಗೆ. ಯಂತ್ರದ ಟ್ರಾಲಿಗೆ ಎರಡನೇ ಅಂಕಿ, ಗುತ್ತಿಗೆ ಕಾರ್ಮಿಕನ ಹೆಲ್ಮೆಟ್ಟಿನ ಟ್ಯಾಗಿಗೆ ಏಳನೆಯದು ಎಂದು ಸಂರಚನೆಯ ಕಡತದಲ್ಲಿ ಯಾರೋ ಒಂದು ಮಧ್ಯಾಹ್ನ ಬರೆದರೆಂದುಕೊಳ್ಳಿ. ಗದ್ದಲ ಏರಿದಾಗ ಮೊದಲು ಮಸುಕಾಗುವುದು ಆ ಕಾರ್ಮಿಕ ಎಲ್ಲಿದ್ದಾನೆ ಎಂಬುದು. ಟ್ಯಾಗು ತಗ್ಗಿತು, ನಿಯಮ ಪಾಲಿಸಿತು, ಆದರೆ ಅದನ್ನು ತ್ಯಾಗ ಎನ್ನಲಾಗದು. ತ್ಯಾಗಕ್ಕೆ ತ್ಯಾಗಿ ಬೇಕು. ಯಂತ್ರ ವ್ರತ ಹಿಡಿಯುವುದಿಲ್ಲ, ಅದಕ್ಕೆ ವ್ರತ ಹೊರಿಸಲಾಗುತ್ತದೆ. ಜೈನ ಶ್ರಾವಕನ ಪರಿಮಾಣ ಪುಣ್ಯವಾಗುವುದು ಅವನೇ ಬಾಯಾರೆ ಹೇಳಿ ಹಾಕಿಕೊಂಡದ್ದರಿಂದ. ಪಕ್ಕದ ಮನೆಯವನ ಹೊಲಕ್ಕೆ ಮಿತಿ ಹಾಕಿ ‘ನೋಡಿ, ಎಷ್ಟು ಅಪರಿಗ್ರಹ’ ಎಂದರೆ ಅದಕ್ಕೆ ಬೇರೆ ಹೆಸರಿದೆ. ಆದ್ದರಿಂದ ಈ ಜಾಲದಲ್ಲಿ ಪಾಪಪುಣ್ಯದ ಲೆಕ್ಕ ಹುಡುಕುವವರು ರೇಡಿಯೊಗಳನ್ನು ಬಿಟ್ಟು ಕಡತ ಬರೆದ ಕೈಗಳ ಕಡೆ ನೋಡಬೇಕಾಗುತ್ತದೆ. ಆ ಕೈಗಳಲ್ಲಿ ಕೆಲವು ಇದೇ ಬೆಂಗಳೂರಿನವು.

ಒಂದು ಮಾತು ಮಾತ್ರ ಈ ತಂತ್ರದ ಪರವಾಗಿ ಹೇಳಲೇಬೇಕು. ನೆಲೆ ತಿಳಿಯುವ ಜಾಲದಲ್ಲಿ ತಗ್ಗುವುದೆಂದರೆ ಎಲ್ಲವನ್ನೂ ಕಳೆದುಕೊಳ್ಳುವುದಲ್ಲ. ಬಳಸುವ ತರಂಗಪಟ್ಟಿ ಅಗಲವಿದ್ದಷ್ಟೂ ಅಳತೆ ನಿಖರ, ಸಲಸಲಕ್ಕೆ ಕೇಳಿದಷ್ಟೂ ಅನುಮಾನ ಕಡಿಮೆ. ಪಟ್ಟಿಯನ್ನು ಕಿರಿದು ಮಾಡಿಕೊಂಡರೆ, ಪ್ರಶ್ನೆಗಳನ್ನು ವಿರಳ ಮಾಡಿದರೆ ಜಾಗ ಗೊತ್ತಾಗುತ್ತದೆ, ಆದರೆ ಅಂಚು ಮಸುಕು. ಗೇಣಿನ ಬದಲು ಮಾರು. ‘ನಾನು ಇಲ್ಲೇ ಇದ್ದೇನೆ’ ಎಂಬುದು ‘ನಾನು ಈ ಸುಮಾರಿನಲ್ಲಿದ್ದೇನೆ’ ಎಂದಾಗುತ್ತದೆ. ತನ್ನ ಬಗೆಗಿನ ಖಚಿತತೆಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟು, ಆ ಜಾಗದಲ್ಲಿ ಇನ್ನೊಬ್ಬನಿಗೆ ತನ್ನ ನೆಲೆ ಕೇಳಲು ಎಡೆ ಮಾಡುವುದು. ಹಾಗೆ ಮಸುಕಾದ ಯಂತ್ರ ನಿಧಾನವಾಗಿ ಓಡಬೇಕು, ಅಷ್ಟೆ. ಖಚಿತವಾಗಿ ತಿಳಿಯದವನು ನಿಧಾನಿಸಬೇಕೆಂಬುದನ್ನು ಯಂತ್ರಕ್ಕೆ ಕಲಿಸಬಹುದು. ಕಾರಿನಲ್ಲಿ ಕೂತ ಮನುಷ್ಯನಿಗೆ ಕಲಿಸುವುದು ಕಷ್ಟ ಎಂದು ಗೊರಗುಂಟೆಪಾಳ್ಯದ ಸಿಗ್ನಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸರು ಹೇಳಿಯಾರು.

ಎರಡನೇ ಹಂತದ ಆ ಅಡ್ಡರಸ್ತೆಯಲ್ಲಿ ಹಾರನ್ನು ಜೋರಾದಾಗ ಸಾಮಾನ್ಯವಾಗಿ ಆಗುವುದಿಷ್ಟು. ಇಬ್ಬರು ಡ್ರೈವರುಗಳಲ್ಲಿ ಒಬ್ಬ, ಹಿರಿಯನೋ ಹಸಿದವನೋ, ಎಂಜಿನ್ ಆಫ್ ಮಾಡುತ್ತಾನೆ. ಅವನ ಕ್ಲೀನರ್ ಸುಮ್ಮನೆ ನಿಲ್ಲುವುದಿಲ್ಲ. ಪಕ್ಕದ ಲಾರಿಯ ಇನ್ನೊಂದು ಮಗ್ಗುಲಿಗೆ, ಅದರ ಸ್ವಂತ ಕ್ಲೀನರನಿಗೆ ಕಾಣದ ಕಡೆಗೆ, ಹೋಗಿ ನಿಲ್ಲುತ್ತಾನೆ. ಶೆಡ್ಡಿನ ತಗಡಿನ ಮೇಲೆ ಮಳೆ ಶುರುವಾಗಿದ್ದರೆ ಕೂಗು ಯಾರಿಗೂ ಕೇಳಿಸದು. ಆಗ ಇಬ್ಬರೂ ಬಾಡಿ ತಟ್ಟತೊಡಗುತ್ತಾರೆ, ಒಬ್ಬ ಎಡದಿಂದ, ಒಬ್ಬ ಬಲದಿಂದ, ಒಬ್ಬರ ತಟ್ಟು ನಿಂತಾಗ ಇನ್ನೊಬ್ಬರದು. ಲಾರಿ ಅಂಗುಲ ಅಂಗುಲವಾಗಿ ಗೇಟಿನೊಳಗೆ ಸರಿಯುತ್ತದೆ.

‘ಈ ಕಡೆ ಇನ್ನೂ ಅರ್ಧ ಗೇಣು ಐತಣ್ಣ, ಬರ್ಲಿ.’